ಚಾರಣದಲ್ಲಿ ಮೈಗೆ ತಾಗುವ ಬಟ್ಟೆ ಯಾವುದಿರಬೇಕು: ಹತ್ತಿಯೋ, ಉಣ್ಣೆಯೋ, ಪಾಲಿಯೆಸ್ಟರೋ?

ಹೊಸ ಚಾರಣಿಗಳು:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯಲ್ಲಿ ತಮ್ಮನ ಜೊತೆ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗುವುದು ನಿಶ್ಚಯವಾಗಿದೆ. ಅದಕ್ಕೆ ಮುಂಚೆ ಕಾಲು ಪಳಗಲಿ ಎಂದು ನವೆಂಬರಿನಲ್ಲಿ ಕುಮಾರಪರ್ವತ ಹತ್ತುವ ಯೋಚನೆಯೂ ಇದೆ. ಜಾಕೆಟ್ ಮತ್ತು ಬೂಟುಗಳ ಬಗ್ಗೆ ಸಲಹೆಗಳಿಗೆ ಬರವಿಲ್ಲ. ಎಲ್ಲಕ್ಕಿಂತ ಒಳಗೆ, ಮೈಗೆ ಅಂಟಿಕೊಂಡಿರುವ ಪದರದ ಬಗ್ಗೆ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಮೈಸೂರಿನ ಅಂಗಡಿಯಲ್ಲಿ ಥರ್ಮಲ್ ಕೇಳಿದರೆ ಬಿಳಿಯ ದಪ್ಪ ಜೋಡಿಯೊಂದನ್ನು ಕೊಟ್ಟರು. ಅದೇ ಸಾಕು ಎಂದು ಅಮ್ಮ. ತಮ್ಮನಿಗೆ ಮೆರಿನೊ ತಳಿಯ ಕುರಿಯ ನವಿರು ಉಣ್ಣೆಯೇ ಆಗಬೇಕಂತೆ. ಅದರ ಬೆಲೆ ನೋಡಿ ನನ್ನ ಎದೆ ಧಸಕ್ಕೆಂದಿತು. ಎರಡೂ ಚಾರಣಗಳಿಗೆ ಒಂದೇ ಬಟ್ಟೆ ಸಾಲುತ್ತದೆಯೇ? ತಿಳಿದವರು ಹೇಳಿ.

ಘಟ್ಟದ ಹಾದಿ:
ಹವಾಮಾನದ ಡಿಗ್ರಿ ಮಾತ್ರ ನೋಡಿ ಉತ್ತರ ಹೇಳುವವರನ್ನು ನಂಬಬೇಡಿ ಮೇಡಂ. ಒಳಪದರವನ್ನು ತೀರ್ಮಾನಿಸುವುದು ಚಳಿಯಲ್ಲ, ಬೆವರು. ಎಲ್ಲಿ ಬೆವರುತ್ತೀರಿ, ಬೆವರಿದ ಮೇಲೆ ಎಲ್ಲಿ ನಿಲ್ಲುತ್ತೀರಿ, ನಿಂತ ಜಾಗದಲ್ಲಿ ಗಾಳಿ ಹೇಗಿದೆ ಎಂಬುದನ್ನು ಮೊದಲು ಯೋಚಿಸಿ.

ಕುಮಾರಪರ್ವತವನ್ನೇ ನೋಡಿ. ಎತ್ತರ 1,712 ಮೀಟರ್. ಕುಕ್ಕೆಯಿಂದ ಹೊರಟರೆ ದಾರಿಯ ನಡುವೆ ಸಿಗುವ ಭಟ್ಟರ ಮನೆಯವರೆಗೆ ಹೆಚ್ಚಿನದೆಲ್ಲ ದಟ್ಟ ಕಾಡು. ಗಾಳಿ ಆಡುವುದಿಲ್ಲ, ನವೆಂಬರಿನ ಬೆಳಗಿನಲ್ಲೂ ಅಂಗಿ ಹಿಂಡುವಷ್ಟು ಬೆವರುತ್ತದೆ. ಅಲ್ಲಿಂದ ಮುಂದೆ ಬೋಳು ಹುಲ್ಲುಗುಡ್ಡ, ತಲೆಯ ಮೇಲೆ ನೇರ ಬಿಸಿಲು. ತುದಿಗೆ ಮುಂಚೆ ಸಿಗುವ ಶೇಷಪರ್ವತದ ಅಂಚಿನಲ್ಲಿ ಕುಳಿತು ಬುತ್ತಿ ಬಿಚ್ಚುವ ಹೊತ್ತಿಗೆ ಹತ್ತಿಯ ಅಂಗಿ ಬೆನ್ನಿಗೆ ಒದ್ದೆಯಾಗಿ ಅಂಟಿಕೊಂಡೇ ಇರುತ್ತದೆ. ಆಗ ಮೋಡ ಕವಿದು ಗಾಳಿ ಎದ್ದರೆ ಹಲ್ಲು ಕಟಕಟಿಸಲು ಹಿಮ ಬೀಳಬೇಕಾಗಿಲ್ಲ, ಹದಿನೈದು ಡಿಗ್ರಿಯೇ ಸಾಕು. ಅಲ್ಲಿಗೆ ತೆಳುವಾದ, ಬೇಗ ಒಣಗುವ ಪಾಲಿಯೆಸ್ಟರ್ ಅಂಗಿ ಒಂದು, ಚೀಲದಲ್ಲಿ ಗಾಳಿ ತಡೆಯುವ ಹಗುರ ಜಾಕೆಟ್ ಒಂದು ಇರಲಿ. ಥರ್ಮಲ್ ಬೇಡವೇ ಬೇಡ.

ಕೇದಾರಕಂಠದ ಮಾತು ಬೇರೆ. ಅದನ್ನು ಹಿಮಾಲಯ ಕಂಡವರು ಹೇಳಲಿ.

ನೂಲಿನ ಲೆಕ್ಕ:
ದಾವಣಗೆರೆಯಲ್ಲಿ ಜವಳಿ ಎಂಜಿನಿಯರಿಂಗ್ ಓದಿದವನು ನಾನು, ಹಾಗಾಗಿ ಅಂಕಿಗಳನ್ನು ನಾನು ಹೇಳುತ್ತೇನೆ. ಸಾಮಾನ್ಯ ತೇವದ ಗಾಳಿಯಲ್ಲಿ ಪ್ರತಿಯೊಂದು ನಾರೂ ತನ್ನ ತೂಕಕ್ಕೆ ಇಂತಿಷ್ಟು ನೀರನ್ನು ಒಳಗೆ ಎಳೆದುಕೊಂಡಿರುತ್ತದೆ. ಉಣ್ಣೆಯಲ್ಲಿ ಇದು ಸುಮಾರು ಶೇ. 16, ರೇಷ್ಮೆಯಲ್ಲಿ ಶೇ. 11, ಹತ್ತಿಯಲ್ಲಿ ಶೇ. 8, ನೈಲಾನ್‌ನಲ್ಲಿ ಶೇ. 4. ಪಾಲಿಯೆಸ್ಟರ್‌ನಲ್ಲಿ ಶೇ. 0.4 ಮಾತ್ರ. ಪಾಲಿಪ್ರೊಪಿಲೀನ್ ಇನ್ನೂ ಕಡಿಮೆ, ಇಲ್ಲವೆಂದೇ ಹೇಳಬಹುದು.

ಇದನ್ನು ನೋಡಿದ ಕೂಡಲೇ ಹತ್ತಿಗಿಂತ ಉಣ್ಣೆ ಕೆಟ್ಟದಲ್ಲವೇ ಎಂದು ಯಾರಾದರೂ ಕೇಳುತ್ತಾರೆ. ಅಲ್ಲ. ಉಣ್ಣೆಯ ಎಳೆ ಗುಂಗುರು, ಒದ್ದೆಯಾದರೂ ಪೂರ್ತಿ ಚಪ್ಪಟೆಯಾಗುವುದಿಲ್ಲ. ಎಳೆಗಳ ನಡುವೆ ಗಾಳಿ ಉಳಿಯುತ್ತದೆ, ಬೆಚ್ಚಗಿಡುವುದು ಆ ಗಾಳಿಯೇ. ಹತ್ತಿಯ ನೂಲು ಒದ್ದೆಯಾದರೆ ಬಿದ್ದುಹೋಗಿ ಚರ್ಮಕ್ಕೆ ಅಂಟುತ್ತದೆ, ಗಾಳಿ ಇದ್ದ ಜಾಗದಲ್ಲಿ ನೀರು ನಿಲ್ಲುತ್ತದೆ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಜೊತೆಗೆ ಉಣ್ಣೆಗೆ ಇನ್ನೊಂದು ಗುಣವಿದೆ: ಆವಿಯನ್ನು ಹೀರುವಾಗ ಅದು ಸ್ವಲ್ಪ ಶಾಖವನ್ನು ಬಿಡುತ್ತದೆ.

ಪಾಲಿಯೆಸ್ಟರ್ ಕೆಲಸ ಮಾಡುವ ರೀತಿ ಪೂರ್ತಿ ಬೇರೆ. ನಾರು ನೀರನ್ನು ಕುಡಿಯುವುದಿಲ್ಲ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಎಳೆಗಳ ಸಂದಿನಲ್ಲಿ ಬೆವರು ಹೊರಮೈಗೆ ಹರಿದು, ಹರಡಿ, ಆರುತ್ತದೆ. ಆದ್ದರಿಂದ ಹೆಣಿಗೆ ಮುಖ್ಯ. ಅಗ್ಗದ ಹೊಳಪಿನ ಜೆರ್ಸಿಯೂ ಪಾಲಿಯೆಸ್ಟರೇ, ಒಳ್ಳೆಯ ಒಳಪದರವೂ ಪಾಲಿಯೆಸ್ಟರೇ. ಒಂದು ಹನಿ ನೀರನ್ನು ಒಳಮೈಗೆ ಹಾಕಿ ನೋಡಿ: ಉಂಡೆಯಾಗಿ ನಿಂತರೆ ಬೇಡ, ಕೂಡಲೇ ಅಗಲವಾಗಿ ಹರಡಿದರೆ ಕೊಳ್ಳಿ.

ಇತ್ತೀಚೆಗೆ ಬಿದಿರಿನ ಬಟ್ಟೆ ಎಂದು ಮಾರುವುದರ ಬಗ್ಗೆ ಎಚ್ಚರವಿರಲಿ. ಅದರಲ್ಲಿ ಹೆಚ್ಚಿನದು ಬಿದಿರಿನ ತಿರುಳಿನಿಂದ ಮಾಡಿದ ವಿಸ್ಕೋಸ್. ಮೃದುವಾಗಿದೆ, ಮನೆಯಲ್ಲಿ ಮಲಗಲು ಚೆನ್ನ. ಬೆವರಿನಲ್ಲಿ ಹತ್ತಿಗಿಂತಲೂ ಹೆಚ್ಚು ನೀರು ಕುಡಿಯುತ್ತದೆ.

ಕಂಬಳಿ ಮೊಮ್ಮಗ:
ಇಷ್ಟೆಲ್ಲ ಲೆಕ್ಕ ಯಾಕೆ? ನಮ್ಮದು ಚಳ್ಳಕೆರೆ ಸೀಮೆ. ನಮ್ಮ ತಾತ ವರ್ಷವಿಡೀ ಕುರಿ ಮಂದೆಯ ಹಿಂದೆ ನಡೆದವರು. ಮೈಮೇಲೆ ಹತ್ತಿಯ ಅಂಗಿ, ಹೆಗಲ ಮೇಲೆ ಕರಿ ಕಂಬಳಿ, ಅಷ್ಟೇ. ಮಳೆ ಬಂದರೆ ಅದೇ ಕೊಪ್ಪೆ, ರಾತ್ರಿ ಅದೇ ಹಾಸಿಗೆ. ಈಗ ನ್ಯೂಜಿಲೆಂಡಿನ ಕುರಿಯ ಉಣ್ಣೆಗೆ ಸಾವಿರಗಟ್ಟಲೆ ಸುರಿಯಬೇಕೇ? ನಮ್ಮ ಕುರಿಯ ಉಣ್ಣೆಗೆ ಏನಾಗಿದೆ?

ನೂಲಿನ ಲೆಕ್ಕ:
ನಿಮ್ಮ ತಾತನ ವ್ಯವಸ್ಥೆಯಲ್ಲಿ ತಪ್ಪೇನೂ ಇಲ್ಲ ಸರ್. ಮಂದೆಯ ಹಿಂದೆ ನಡೆಯುವವರು ಹದಿನೈದು ಕಿಲೋ ಹೊತ್ತು ಓಡುವುದಿಲ್ಲ, ಬೆವರಿ ತೊಯ್ಯುವುದಿಲ್ಲ. ಕಂಬಳಿ ಅಲ್ಲಿ ಹೊರಪದರ. ಆ ಕೆಲಸಕ್ಕೆ ಡೆಕ್ಕನಿ ಕುರಿಯ ಒರಟು ಉಣ್ಣೆ ಹೇಳಿ ಮಾಡಿಸಿದ್ದು. ಅದನ್ನೇ ಬರಿಮೈಗೆ ತೊಡಿ ನೋಡೋಣ! ಎಳೆಯ ದಪ್ಪ 30 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಾಟಿದರೆ ಅದರ ತುದಿ ಚರ್ಮಕ್ಕೆ ಬಾಗುವುದಿಲ್ಲ, ಚುಚ್ಚುತ್ತದೆ. ತುರಿಕೆ ಬರುವುದು ಅದರಿಂದಲೇ. ಒಳಪದರಕ್ಕೆ ಬಳಸುವ ಮೆರಿನೊ 17ರಿಂದ 19 ಮೈಕ್ರಾನ್. ಕೊಡುವ ದುಡ್ಡು ಆ ನವಿರಿಗೆ.

ಕಂಬಳಿ ಮೊಮ್ಮಗ:
ಸರಿ, ಒಪ್ಪಿದೆ. ಆದರೆ ಗುಡಾರದಲ್ಲಿ ಹೊದೆಯಲು ನಾನು ಕಂಬಳಿಯನ್ನೇ ಒಯ್ಯುವವನು. ತೂಕದ ಮಾತು ಎತ್ತಬೇಡಿ.

ನಿವೃತ್ತ ಸುಬೇದಾರ್, ಕೊಡಗು:
ಸಿಯಾಚಿನ್‌ನಲ್ಲಿ ಕರ್ತವ್ಯ ಮಾಡಿದವನು ನಾನು, ಆದ್ದರಿಂದ ಎರಡು ಮಾತು. ಅಲ್ಲಿ ಹೊಸಬರಿಗೆ ಕಲಿಸುವ ಮೊದಲ ಪಾಠ ಬೆವರಬಾರದು ಎಂಬುದು. ಕೈಗವಸಿನೊಳಗೆ ಬೆವರಿದರೆ ಅದು ಅಲ್ಲೇ ಹೆಪ್ಪುಗಟ್ಟುತ್ತದೆ, ಆಮೇಲೆ ಬೆರಳು ಉಳಿಯುವುದು ಕಷ್ಟ. ಎಷ್ಟು ಬೆಲೆಯ ಬಟ್ಟೆಯಾದರೂ ಅವಸರದಲ್ಲಿ ಏರುವವನನ್ನು ಕಾಪಾಡುವುದಿಲ್ಲ.

ತಂಗಿ, ಕೇದಾರಕಂಠದ ಬಗ್ಗೆ ಕೇಳಿದ್ದೀಯಲ್ಲ. ಚಾರಣ ಶುರುವಾಗುವ ಸಾಂಕ್ರಿ ಗ್ರಾಮ ಇರುವುದು ಸುಮಾರು 1,900 ಮೀಟರ್ ಎತ್ತರದಲ್ಲಿ, ಶಿಖರ ಸುಮಾರು 3,800 ಮೀಟರ್. ಪ್ರತಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಇಳಿಸಿದರೆ ಊರಿಗೂ ತುದಿಗೂ ಹನ್ನೆರಡು ಡಿಗ್ರಿ ವ್ಯತ್ಯಾಸ. ಗಾಳಿಯ ಏಟು ಬೇರೆ. ಕೊನೆಯ ಏರಿಗೆ ನಸುಕಿಗೂ ಮೊದಲೇ, ಕತ್ತಲಲ್ಲಿ ಹೊರಡಿಸುತ್ತಾರೆ. ಆಗ ಎಲ್ಲರೂ ಇದ್ದಬದ್ದ ಬಟ್ಟೆಯನ್ನೆಲ್ಲ ಏರಿಸಿಕೊಂಡು ಬಿಡಾರದಿಂದ ಹೊರಬೀಳುತ್ತಾರೆ. ಅರ್ಧ ಗಂಟೆಯಲ್ಲಿ ಒಳಗೆ ತೊಪ್ಪೆ. ತುದಿಯಲ್ಲಿ ಸೂರ್ಯೋದಯ ನೋಡಲು ನಿಂತಾಗ ನಡುಕ ಶುರು.

ಹೊರಡುವಾಗ ಸ್ವಲ್ಪ ಚಳಿ ಅನ್ನಿಸುತ್ತಲೇ ಇರಬೇಕು. ಕಾಲು ಗಂಟೆ ನಡೆದ ಮೇಲೂ ಚಳಿ ಬಿಡದಿದ್ದರೆ ಒಂದು ಪದರ ಸೇರಿಸು. ಕುತ್ತಿಗೆಯ ಬಳಿ ಜಿಪ್ ಇರುವ ಒಳ ಅಂಗಿ ತೆಗೆದುಕೋ. ಏರುವಾಗ ಬಿಚ್ಚು, ನಿಂತಾಗ ಏರಿಸು. ಮಲಗಲು ಬೇರೆಯೇ ಒಂದು ಜೋಡಿ ಇಟ್ಟುಕೋ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡು, ಏನೇ ಆದರೂ ಅದನ್ನು ತೊಟ್ಟು ನಡೆಯಬೇಡ. ದಿನವಿಡೀ ತೊಟ್ಟ ಬಟ್ಟೆ ಕೈಗೆ ಒಣಗಿದಂತೆ ಕಂಡರೂ ಅದರಲ್ಲಿ ತೇವ ಇದ್ದೇ ಇರುತ್ತದೆ.

ಹೊಸ ಚಾರಣಿಗಳು:
ಧನ್ಯವಾದ ಸರ್. ಆ ಬಿಳಿ ಥರ್ಮಲ್‌ನ ಚೀಟಿ ಈಗ ಓದಿದೆ: ಶೇ. 60 ಹತ್ತಿ, ಶೇ. 40 ಪಾಲಿಯೆಸ್ಟರ್. ಹಿಂದಿರುಗಿಸಲೇ?

ಘಟ್ಟದ ಹಾದಿ:
ಮಲಗುವ ಜೋಡಿ ಅದೇ ಆಗಲಿ. ನಡೆಯಲು ಬೇಡ. ಅಮ್ಮನಿಗೂ ಸಮಾಧಾನ.

ಬಿಸಿಲೂರ ಸೈಕಲ್:
ಹತ್ತಿಯನ್ನು ಎಲ್ಲರೂ ಸೇರಿ ಇಷ್ಟು ಬೈಯುವುದು ನೋಡಿ ಸುಮ್ಮನಿರಲಾಗಲಿಲ್ಲ. ನಾನಿರುವುದು ಕಲಬುರಗಿಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತೆರಡು ಡಿಗ್ರಿ ನಮಗೆ ಸುದ್ದಿಯೇ ಅಲ್ಲ. ಗಾಳಿ ಒಣ. ಇಲ್ಲಿ ಬೇಗ ಒಣಗುವ ಬಟ್ಟೆ ತೊಟ್ಟು ಹೊರಟರೆ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ. ಬೇಗ ಹಾರಿಹೋಗುತ್ತದೆ, ತಂಪು ಬಹಳ ಹೊತ್ತು ಉಳಿಯುವುದಿಲ್ಲ. ಒಂದು ಲೀಟರ್ ಬೆವರು ಆರಬೇಕಾದರೆ ಸುಮಾರು 580 ಕಿಲೊಕ್ಯಾಲರಿ ಶಾಖ ಬೇಕು. ಆ ಶಾಖ ನನ್ನ ಮೈಯಿಂದ ಹೋಗಬೇಕು ತಾನೇ? ಸಡಿಲವಾದ, ಉದ್ದ ತೋಳಿನ, ತೆಳು ಹತ್ತಿಯ ಬಿಳಿ ಅಂಗಿಯನ್ನು ನೀರಿನಲ್ಲಿ ಅದ್ದಿ ತೊಟ್ಟು ಪೆಡಲ್ ತುಳಿದರೆ ಅದು ನಿಧಾನವಾಗಿ ಒಣಗುವುದೇ ವರ. ಗುಡ್ಡದಲ್ಲಿ ನಿಮ್ಮನ್ನು ನಡುಗಿಸುವ ಗುಣವೇ ಇಲ್ಲಿ ನಮ್ಮನ್ನು ಬದುಕಿಸುತ್ತದೆ.

ಇದೇ ಉಪಾಯ ಕರಾವಳಿಯಲ್ಲಿ ನಡೆಯುವುದಿಲ್ಲ. ಮಂಗಳೂರಿನ ಮೇ ತಿಂಗಳಲ್ಲಿ ಗಾಳಿಯೇ ನೀರು ಕುಡಿದಿರುತ್ತದೆ, ಅಲ್ಲಿ ಯಾವುದೂ ಒಣಗುವುದಿಲ್ಲ.

ಓಟಗಾರ್ತಿ, ಮಂಗಳೂರು:
ಒಣಗುವುದಿಲ್ಲ ಎಂಬುದು ನಿಜ. ಅದಕ್ಕೇ ಇಲ್ಲಿ ನಾನು ನೋಡುವುದು ಬಟ್ಟೆ ಎಷ್ಟು ತೆಳು, ಎಷ್ಟು ರಂಧ್ರ ಇದೆ, ಒದ್ದೆಯಾದರೆ ಎಷ್ಟು ತೂಗುತ್ತದೆ, ಎಲ್ಲಿ ಉಜ್ಜುತ್ತದೆ ಎಂಬುದನ್ನು. ಹೊಲಿಗೆ ಚಪ್ಪಟೆಯಾಗಿರಬೇಕು, ತೋಳಿನ ಸಂದಿ, ತೊಡೆಯ ಒಳಭಾಗಕ್ಕೆ ಓಟಕ್ಕೆ ಮುಂಚೆ ವ್ಯಾಸಲೀನ್.

ಇಷ್ಟು ಹೊತ್ತಿನಿಂದ ಯಾರೂ ಎತ್ತದ ವಿಷಯವೊಂದನ್ನು ಹೇಳುತ್ತೇನೆ, ಇಲ್ಲಿ ಗಂಡಸರೇ ಹೆಚ್ಚೆಂದು ಕಾಣುತ್ತದೆ. ಮೈಗೆ ತಾಗುವ ಮೊದಲ ಬಟ್ಟೆ ಥರ್ಮಲ್ ಅಲ್ಲ, ಬ್ರಾ. ದುಬಾರಿ ಮೆರಿನೊ ಅಂಗಿಯ ಒಳಗೆ ದಪ್ಪ ಹತ್ತಿಯ ಬ್ರಾ ತೊಟ್ಟರೆ ಎದೆ ಮತ್ತು ಬೆನ್ನಿನ ಮೇಲೆ ಒಂದು ಒದ್ದೆ ಪಟ್ಟಿ ದಿನವಿಡೀ ಕೂತಿರುತ್ತದೆ. ಸ್ಪಂಜು ತುಂಬಿದ ಕ್ರೀಡಾ ಬ್ರಾ ಇನ್ನೂ ಕೆಟ್ಟದ್ದು, ಗುಡಾರದಲ್ಲಿ ರಾತ್ರಿ ಕಳೆದರೂ ಅದು ಒಣಗುವುದಿಲ್ಲ. ಸ್ಪಂಜಿಲ್ಲದ, ತೆಳು ಪಾಲಿಯೆಸ್ಟರ್ ಅಥವಾ ನೈಲಾನ್‌ದು ಇರಲಿ. ಹಿಂದೆ ಕೊಂಡಿ ಇರುವುದಾದರೆ ಚಳಿಯಲ್ಲಿ ಎಲ್ಲವನ್ನೂ ತಲೆಯ ಮೇಲಿಂದ ಎಳೆಯದೆ ಬದಲಾಯಿಸಬಹುದು. ಒಳಚಡ್ಡಿಗೂ ಇದೇ ಮಾತು. ಸೋಂಕಿನ ಭಯದಿಂದ ಹತ್ತಿಯದೇ ಬೇಕೆನ್ನುವವರು ಜೋಡಿಗಳನ್ನು ಹೆಚ್ಚು ಒಯ್ಯಿರಿ, ಒದ್ದೆಯಾದದ್ದನ್ನು ತೊಟ್ಟುಕೊಂಡೇ ಇರಬೇಡಿ.

ಹೊಸ ಚಾರಣಿಗಳು:
ಅಕ್ಕ, ಇದನ್ನು ಕೇಳಬೇಕೆಂದು ಬರೆದು ಅಳಿಸಿದ್ದೆ. ಬಹಳ ಉಪಕಾರವಾಯಿತು.

ಹಿಮದೂರ ಕನ್ನಡಿಗ:
ಕೆನಡಾದ ವಿನ್ನಿಪೆಗ್‌ನಿಂದ ಬರೆಯುತ್ತಿದ್ದೇನೆ. ಜನವರಿಯ ರಾತ್ರಿ ಇಲ್ಲಿ ಮೈನಸ್ ಮೂವತ್ತಕ್ಕೆ ಇಳಿಯುವುದುಂಟು. ಸುಬೇದಾರ್ ಸಾಹೇಬರ ಮಾತಿಗೆ ತಲೆಬಾಗುತ್ತಲೇ ಒಂದು ತಕರಾರು: ಚಳಿಯಲ್ಲೇ ಹೊರಡು ಎಂಬುದು ನಡೆಯುವವರಿಗೆ ಸರಿ, ನಿಲ್ಲುವವರಿಗೆ ಅಲ್ಲ. ಬಸ್ಸಿಗೆ ಕಾಯುವಾಗ, ಮಕ್ಕಳ ಹಾಕಿ ಆಟ ನೋಡುವಾಗ, ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಕೂರುವಾಗ ಬೆವರೇ ಇಲ್ಲ. ಅಲ್ಲಿ ಚದರ ಮೀಟರಿಗೆ 250 ಗ್ರಾಂ ತೂಕದ ದಪ್ಪ ಉಣ್ಣೆ ಬೇಕು. ಸ್ಕೀ ಮಾಡಲು ಹೋಗುವಾಗ ಅದೇ ಮನುಷ್ಯ 150 ಗ್ರಾಮಿನದಕ್ಕೆ ಇಳಿಯಬೇಕು.

ಇನ್ನೊಂದು ಬಗೆಯನ್ನು ನಮ್ಮವರು ಕೇಳಿರಲಿಕ್ಕಿಲ್ಲ: ನಾರ್ವೆಯ ಬಲೆ ಬನಿಯನ್. ಮೀನಿನ ಬಲೆಯಂತೆ ದೊಡ್ಡ ಕಣ್ಣುಗಳಿರುವ ಹೆಣಿಗೆ. ಒಂಟಿಯಾಗಿ ತೊಟ್ಟರೆ ಏನೂ ಇಲ್ಲ. ಮೇಲೊಂದು ಅಂಗಿ ಹಾಕಿದ ಕೂಡಲೇ ಪ್ರತಿಯೊಂದು ಕಣ್ಣಿನಲ್ಲೂ ಗಾಳಿ ಸಿಕ್ಕಿಕೊಂಡು ಮೈ ಬೆಚ್ಚಗಾಗುತ್ತದೆ, ಬೆವರಿನ ಆವಿ ಮಾತ್ರ ಸಲೀಸಾಗಿ ಹೊರಗೆ ಹೋಗುತ್ತದೆ. 1953ರಲ್ಲಿ ಎವರೆಸ್ಟ್ ಏರಿದ ಬ್ರಿಟಿಷ್ ತಂಡವೂ ಇಂಥ ಬನಿಯನ್ ಬಳಸಿತ್ತು. ನೋಡುವುದಕ್ಕೆ ನಗು ಬರುತ್ತದೆ, ಫೋಟೊ ತೆಗೆಸಿಕೊಳ್ಳಬೇಡಿ.

ನಿವೃತ್ತ ಸುಬೇದಾರ್, ಕೊಡಗು:
ನಿಲ್ಲುವವರ ಬಗ್ಗೆ ನೀವು ಹೇಳಿದ್ದು ಸರಿ. ಕಾವಲಿಗೆ ನಿಂತವನ ಬಟ್ಟೆ ಬೇರೆ, ಗಸ್ತು ಹೋಗುವವನ ಬಟ್ಟೆ ಬೇರೆ.

ಘಟ್ಟದ ಹಾದಿ:
ಉಣ್ಣೆಯ ಭಕ್ತರಿಗೆ ನನ್ನದೊಂದು ಎಚ್ಚರಿಕೆ. ಜುಲೈನಲ್ಲಿ ಆಗುಂಬೆ, ಕೊಡಚಾದ್ರಿ ಕಡೆಗೆ ಮೆರಿನೊ ತರಬೇಡಿ. ಅಲ್ಲಿ ಒದ್ದೆಯಾಗುವುದು ಬೆವರಿನಿಂದಲೋ ಮಳೆಯಿಂದಲೋ ಎಂಬ ಪ್ರಶ್ನೆಯೇ ಇಲ್ಲ, ಎರಡರಿಂದಲೂ. ಒಮ್ಮೆ ನೆನೆದ ಉಣ್ಣೆ ಆ ತೇವದಲ್ಲಿ ಮರುದಿನಕ್ಕೂ ಒಣಗುವುದಿಲ್ಲ. ತೆಳು ಪಾಲಿಯೆಸ್ಟರನ್ನಾದರೆ ಹಿಂಡಿ, ಜಾಡಿಸಿ, ಮತ್ತೆ ತೊಟ್ಟು ನಡೆದರೆ ಮೈಯ ಬಿಸಿಗೇ ಆರುತ್ತದೆ. ಮಳೆಗಾಲದಲ್ಲಿ ನಾನು ಕರೆದೊಯ್ಯುವವರಿಗೆ ಜೀನ್ಸ್ ತೊಟ್ಟು ಬಂದರೆ ಬಸ್ಸಿನಲ್ಲೇ ಉಳಿಯಿರಿ ಎಂದು ಮೊದಲೇ ಹೇಳಿಬಿಡುತ್ತೇನೆ. ಇಂಬಳಗಳಿಗೆ ಒಳಪದರ ಯಾವುದಾದರೂ ಒಂದೇ; ಮೊಣಕಾಲಿನವರೆಗಿನ ಒತ್ತು ನೇಯ್ಗೆಯ ಇಂಬಳದ ಕಾಲುಚೀಲ ಬೇಕು. ಸಾಮಾನ್ಯ ಕಾಲುಚೀಲದ ಹೆಣಿಗೆಯ ಸಂದಿನಲ್ಲೇ ಅವು ನುಸುಳುತ್ತವೆ.

ಇನ್ನೂ ಒಂದು. ತೆಳು ಮೆರಿನೊ ಭಾರದ ಚೀಲದ ಪಟ್ಟಿಯ ಕೆಳಗೆ ಬೇಗ ಸವೆಯುತ್ತದೆ. ಇಷ್ಟು ದುಡ್ಡು ಕೊಟ್ಟು ಹೆಗಲಲ್ಲಿ ತೂತು ನೋಡುವುದು ಯಾರಿಗೆ ಬೇಕು?

ನೂಲಿನ ಲೆಕ್ಕ:
ಅದಕ್ಕೇ ಈಗ ಮೆರಿನೊಗೆ ನೈಲಾನ್ ಬೆರೆಸಿ ಹೆಣೆಯುತ್ತಾರೆ. ಮಳೆಗಾಲದ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಪಾಲಿಯೆಸ್ಟರಿನ ಒಂದು ದೋಷವನ್ನು ನೀವು ಬಾಯಿಬಿಟ್ಟು ಹೇಳಲಿಲ್ಲ: ವಾಸನೆ. ಮೈಯ ಜಿಡ್ಡು ಆ ನಾರಿಗೆ ಅಂಟಿಕೊಳ್ಳುತ್ತದೆ, ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಎರಡನೆಯ ದಿನ ಗುಡಾರದಲ್ಲಿ ಪಕ್ಕದವರು ಮುಖ ತಿರುಗಿಸುತ್ತಾರೆ. ಉಣ್ಣೆಯನ್ನು ನಾಲ್ಕೈದು ದಿನ ತೊಟ್ಟರೂ ಅಷ್ಟು ನಾರುವುದಿಲ್ಲ. ಸ್ನಾನವಿಲ್ಲದ ಹಿಮಾಲಯದ ಚಾರಣದಲ್ಲಿ ಇದು ಸಣ್ಣ ವಿಷಯವಲ್ಲ.

ಬೆಂಕಿಯ ಬಗ್ಗೆಯೂ ಗಮನವಿರಲಿ. ಸ್ಟೌ ಮುಂದೆ ಕುಳಿತಾಗ ಕಿಡಿ ತಾಗಿದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಹಿಡಿಯುತ್ತದೆ. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ.

ರೇಷ್ಮೆ ಗೂಡು:
ಶಿಡ್ಲಘಟ್ಟದವನಾಗಿ ರೇಷ್ಮೆಯ ಪರ ಮಾತಾಡದಿದ್ದರೆ ಊರಿಗೆ ಸೇರಿಸುವುದಿಲ್ಲ. ರೇಷ್ಮೆಯ ತೆಳು ಒಳ ಅಂಗಿ ಚಳಿನಾಡಿನ ಸ್ಕೀ ಆಟಗಾರರಲ್ಲಿ ಹಳೆಯ ರೂಢಿ. ಮುಷ್ಟಿಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿ ಮಡಚಬಹುದು, ಉಣ್ಣೆಯ ಕೆಳಗೆ ತೊಟ್ಟರೆ ತುರಿಕೆಯೂ ಇಲ್ಲ.

ನೂಲಿನ ಲೆಕ್ಕ:
ಒದ್ದೆಯಾದ ರೇಷ್ಮೆಯ ಬಲ ಕುಗ್ಗುತ್ತದೆ, ಬೆವರಿನ ಉಪ್ಪು ಅದನ್ನು ಹಾಳುಮಾಡುತ್ತದೆ. ಅಮ್ಮಂದಿರು ರೇಷ್ಮೆ ಸೀರೆ ಉಟ್ಟ ಮೇಲೆ ಗಾಳಿಗೆ ಹರವುವುದು ಸುಮ್ಮನೆ ಅಲ್ಲ. ನಡಿಗೆಗೆ ಬೇಡ; ಸ್ಲೀಪಿಂಗ್ ಬ್ಯಾಗಿನ ಒಳಗೆ ಹಾಸುವ ಚೀಲಕ್ಕೆ ರೇಷ್ಮೆಯಂಥದ್ದು ಬೇರೊಂದಿಲ್ಲ.

ರೇಷ್ಮೆ ಗೂಡು:
ಅಷ್ಟಾದರೂ ಕೊಟ್ಟಿರಲ್ಲ, ಸಾಕು.

ಹೊಸ ಚಾರಣಿಗಳು:
ಎಲ್ಲವನ್ನೂ ತಮ್ಮನಿಗೆ ಓದಿ ಹೇಳಿದೆ. ಈಗ ನಮ್ಮ ತೀರ್ಮಾನ ಹೀಗಿದೆ. ಕುಮಾರಪರ್ವತಕ್ಕೆ ತೆಳು ಪಾಲಿಯೆಸ್ಟರ್ ಅಂಗಿ. ಕೇದಾರಕಂಠದಲ್ಲಿ ನಡೆಯಲು ಒಳಗೆ ಅದೇ ಪಾಲಿಯೆಸ್ಟರ್, ಅದರ ಮೇಲೆ ಕುತ್ತಿಗೆ ಜಿಪ್ ಇರುವ ತೆಳು ಫ್ಲೀಸ್ (ಮೃದುವಾದ, ಬೆಚ್ಚನೆಯ ಪಾಲಿಯೆಸ್ಟರ್ ಮೇಲಂಗಿ). ನಿಂತಾಗ ಮಾತ್ರ ದಪ್ಪ ಜಾಕೆಟ್. ಮೆರಿನೊ ಒಬ್ಬೊಬ್ಬರಿಗೆ ಒಂದೇ, 200 ಗ್ರಾಮಿನ ಮೇಲಂಗಿ, ಶಿಖರದ ದಿನಕ್ಕೆಂದು. ಮಲಗಲು ಬಿಳಿ ಥರ್ಮಲ್. ಕಾಲಿಗೆ ಏನು? ಮೆರಿನೊ ಒಗೆಯುವುದು ಹೇಗೆ?

ನಿವೃತ್ತ ಸುಬೇದಾರ್, ಕೊಡಗು:
ಕಾಲು ನಡೆಯುತ್ತಲೇ ಇರುತ್ತದೆ, ಎದೆ ಬೆನ್ನಿನಷ್ಟು ಚಳಿ ಅದಕ್ಕೆ ಹತ್ತುವುದಿಲ್ಲ. ಹಗಲು ನಡೆಯುವಾಗ ಚಾರಣದ ಪ್ಯಾಂಟ್ ಒಂದೇ ಸಾಕು. ಶಿಖರದ ದಿನ ಮಾತ್ರ ಒಳಗೆ ತೆಳು ಪಾಲಿಯೆಸ್ಟರ್ ಟೈಟ್ಸ್. ಬೆಳಕು ಹರಿದು ಬಿಸಿಲು ಏರಿದ ಮೇಲೆ ಬೂಟು ಕಳಚಿ ಅದನ್ನು ತೆಗೆಯಲು ಯಾರಿಗೂ ಮನಸ್ಸಾಗುವುದಿಲ್ಲ, ಆದ್ದರಿಂದ ದಪ್ಪದ್ದು ಬೇಡ. ಕಾಲುಚೀಲಕ್ಕೆ ಮಾತ್ರ ಉಣ್ಣೆಯನ್ನೇ ಕೊಳ್ಳಿ, ಜಿಪುಣತನ ಬೇಡ. ಎರಡು ಜೋಡಿ ಒಂದರ ಮೇಲೊಂದು ಹಾಕಿ ಬೂಟಿನೊಳಗೆ ಬೆರಳು ಒತ್ತಿದರೆ ರಕ್ತ ಓಡದೆ ಇನ್ನೂ ತಣ್ಣಗಾಗುತ್ತದೆ.

ಹಿಮದೂರ ಕನ್ನಡಿಗ:
ಒಗೆಯುವುದಕ್ಕೆ ತಣ್ಣೀರು, ಸೌಮ್ಯ ಸೋಪು, ನೆರಳಲ್ಲಿ ಹರವಿ ಒಣಗಿಸುವುದು. ತಂತಿಗೆ ನೇತುಹಾಕಿದರೆ ಒದ್ದೆ ಉಣ್ಣೆ ತನ್ನ ಭಾರಕ್ಕೇ ಉದ್ದವಾಗುತ್ತದೆ. ಬಟ್ಟೆ ಮೆದುಗೊಳಿಸುವ ದ್ರಾವಣ ಉಣ್ಣೆಗೂ ಬೇಡ, ಪಾಲಿಯೆಸ್ಟರಿಗೂ ಬೇಡ. ಅದು ನಾರಿನ ಮೇಲೆ ಪೊರೆ ಕಟ್ಟಿ ಬೆವರು ಹರಿಯುವುದನ್ನು ನಿಲ್ಲಿಸುತ್ತದೆ. ಎತ್ತಿಡುವ ಮೊದಲು ಒಗೆದೇ ಇಡಿ, ಬೆವರಿನ ಉಣ್ಣೆಗೆ ನುಸಿ ಬೇಗ ಬರುತ್ತದೆ.

ಕಂಬಳಿ ಮೊಮ್ಮಗ:
ನುಸಿಗೆ ಒಣಗಿದ ಬೇವಿನ ಸೊಪ್ಪು ಹಾಕಿ. ನಮ್ಮ ಮನೆಯ ಕಂಬಳಿಗಳೆಲ್ಲ ಹಾಗೆಯೇ ಉಳಿದಿರುವುದು.

ಓಟಗಾರ್ತಿ, ಮಂಗಳೂರು:
ಕೊಳ್ಳುವ ಮೊದಲು ತೊಟ್ಟು, ಎರಡೂ ಕೈ ಮೇಲೆತ್ತಿ, ಬಗ್ಗಿ ನೋಡಿ. ಸೊಂಟ ಬಯಲಾದರೆ ಉದ್ದ ಸಾಲದು. ಚೀಲ ಹೊತ್ತಾಗ ಅಲ್ಲೇ ಗಾಳಿ ನುಗ್ಗುತ್ತದೆ. ಮೈಗೆ ತಾಗಬೇಕು, ಉಸಿರು ಕಟ್ಟಬಾರದು. ಮತ್ತೆ, ಮೇಲೆ ಕೆಳಗೆ ಒಂದೇ ತುಂಡಾಗಿ ಹೊಲಿದ ಥರ್ಮಲ್ ಸೂಟು ಎಷ್ಟೇ ಬೆಚ್ಚಗಿದೆ ಎಂದರೂ ತೆಗೆದುಕೊಳ್ಳಬೇಡಿ. ಹಿಮದಲ್ಲಿ ಶೌಚದ ಗುಡಾರದೊಳಗೆ ನಿಂತಾಗ ಕಾರಣ ಗೊತ್ತಾಗುತ್ತದೆ.